ಭರಣಿಯಲ್ಲಿಟ್ಟ ದ್ರಾಕ್ಷಿ ವೈನ್ ಹುಳಿಯಾದುದೇಕೆ?

ಪ್ರಶ್ನೆ: ಕ್ರಿಸ್‌ಮಸ್‌ಗೆಂದು ನೆರೆಮನೆಯವರು ಮಾಡುವ ಕ್ರಮವನ್ನು ನೋಡಿ 2 ಕಿಲೋ ಕಪ್ಪು ದ್ರಾಕ್ಷಿ, 600 ಗ್ರಾಂ ಸಕ್ಕರೆ, ಕುದಿಸಿ ಆರಿಸಿದ 4 ಲೀಟರ್ ನೀರು, ಒಂದು ಹಿಡಿ ಗೋಧಿ ಮತ್ತು ಒಂದು ಚಮಚ ಬೇಕರಿ ಯೀಸ್ಟ್ ಹಾಕಿ ಅಜ್ಜಿಯ ಕಾಲದ ಭರಣಿಯಲ್ಲಿ ವೈನ್ ಇಟ್ಟಿದ್ದೆವು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಸಕ್ಕರೆಯನ್ನು ಬೇಕೆಂದೇ ಕಡಿಮೆ ಮಾಡಿದ್ದೆವು. ಬಾಯಿಗೆ ತೆಳು ಬಟ್ಟೆ ಕಟ್ಟಿ ದಿನವೂ ಕಲಕುತ್ತಿದ್ದೆವು. ನಲವತ್ತು ದಿನಗಳ ಬಳಿಕ ನೋಡಿದರೆ ಮೂಗಿಗೆ ಹೊಡೆಯುವ ಹುಳಿ. ಇದನ್ನು ಸರಿಪಡಿಸಬಹುದೇ? – ಓದುಗರು, ಮುಳ್ಳೇರಿಯ

ಉತ್ತರ: ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಬಳಕೆಗೆ ಮಾಡುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ನಮ್ಮ ಕಾಸರಗೋಡು ಸೇರಿರುವ ಕೇರಳದ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವಾಗಿದ್ದು, ಅದರ 55ನೆಯ ಸೆಕ್ಷನ್ನಿನಲ್ಲಿ 10 ವರ್ಷಗಳವರೆಗಿನ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡಕ್ಕೆ ಅವಕಾಶವಿದೆ. ಮನೆಯಲ್ಲಿ ಮಾಡುವ ವೈನ್ ಕೂಡ ಇದರೊಳಗೆ ಬರುತ್ತದೆಂದು ಅಬಕಾರಿ ಇಲಾಖೆ 2019ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಮುಂಚೆಯೇ ಎಚ್ಚರಿಸಿತ್ತು. ಆದುದರಿಂದ ಮುಂದಿನ ಮಾತುಗಳನ್ನು ಇನ್ನೊಂದು ಭರಣಿ ಇಡುವುದಕ್ಕೆ ಕೊಟ್ಟ ಸಲಹೆ ಎಂದುಕೊಳ್ಳದೆ, ಭರಣಿಯೊಳಗೆ ಏನು ನಡೆಯಿತು ಎಂಬುದರ ವಿವರಣೆಯಾಗಿ ಓದಬೇಕು.

ನಿಮ್ಮ ಅಳತೆಯಲ್ಲಿಯೂ ಕಲಕಿದ ಕ್ರಮದಲ್ಲಿಯೂ ಕಾರಣ ಅಡಗಿದೆ. ಒಂದು ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದಾಗ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ನೀವು ಹಾಕಿದ ಸಕ್ಕರೆ 600 ಗ್ರಾಂ, ದ್ರಾಕ್ಷಿಯಲ್ಲಿದ್ದದ್ದು ಹೆಚ್ಚುಕಡಿಮೆ 300 ಗ್ರಾಂ. ಇವೆರಡೂ ಸೇರಿ ಸುಮಾರು 6 ಲೀಟರ್ ದ್ರವದಲ್ಲಿ ಹರಡಿಕೊಂಡರೆ ಸಿಗುವ ಆಲ್ಕೋಹಾಲ್ ಶೇಕಡಾ 9ರ ಆಸುಪಾಸಿನದು. ಅಷ್ಟಿದ್ದರೂ ವೈನ್ ಉಳಿಯುತ್ತದೆ, ಆದರೆ ಗಾಳಿ ತಾಗಬಾರದು. ಹುದುಗು ಜೋರಾಗಿರುವ ಮೊದಲ ವಾರದಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ರಸದ ಮೇಲೆ ಹೊದಿಕೆಯಂತೆ ನಿಂತು ಗಾಳಿಯನ್ನು ತಡೆಯುವುದರಿಂದ, ತೇಲುವ ಸಿಪ್ಪೆಯನ್ನು ಆಗ ಕಲಕಿ ಮುಳುಗಿಸುವುದರಲ್ಲಿ ತಪ್ಪಿಲ್ಲ. ಗುಳ್ಳೆ ನಿಂತ ಮೇಲೂ ದಿನವೂ ಬಟ್ಟೆ ಬಿಚ್ಚಿ ಕಲಕಿದರೆ, ಕಲಕಿದಷ್ಟೂ ಆಮ್ಲಜನಕವನ್ನು ಒಳಗೆ ಕೊಟ್ಟಂತೆ. ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಆ ಆಮ್ಲಜನಕವನ್ನು ಬಳಸಿಕೊಂಡು ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರ್ ಆಗಿ ಮಾರ್ಪಡಿಸುತ್ತವೆ. ಬಟ್ಟೆಯ ಸುತ್ತ ಹಾರಾಡುತ್ತಿದ್ದ ಹಣ್ಣಿನ ಸಣ್ಣ ನೊಣಗಳನ್ನು ನೀವು ಗಮನಿಸಿಯೇ ಇರುತ್ತೀರಿ. ಈ ಬ್ಯಾಕ್ಟೀರಿಯಾಗಳನ್ನು ಹೊತ್ತು ತರುವುದರಲ್ಲಿ ಅವುಗಳದ್ದು ದೊಡ್ಡ ಪಾಲು.

ಇನ್ನು ನೀರಿನ ವಿಚಾರ. 2 ಕಿಲೋ ಹಣ್ಣಿಗೆ 4 ಲೀಟರ್ ನೀರು ಬೆರೆಸಿದಾಗ ಸಕ್ಕರೆಯಷ್ಟೇ ಅಲ್ಲದೆ ದ್ರಾಕ್ಷಿಯ ಸಹಜ ಹುಳಿಯೂ ತೆಳುವಾಗುತ್ತದೆ. ಬೇಡದ ಸೂಕ್ಷ್ಮಜೀವಿಗಳನ್ನು ದೂರವಿಡುವುದು ಆ ಹುಳಿಯೇ. ವೈನರಿಗಳಲ್ಲಿ ದ್ರಾಕ್ಷಿಗೆ ಹೀಗೆ ನೀರು ಬೆರೆಸುವ ಪದ್ಧತಿಯಿಲ್ಲ. ಪ್ರಮಾಣ ಹೆಚ್ಚಿಸುವುದಕ್ಕೆಂದು ಮನೆಯ ಪಾಕದಲ್ಲಿ ಅದು ಸೇರಿಕೊಂಡಿತೆಂದು ನನ್ನ ಎಣಿಕೆ. ಗೋಧಿಯಿಂದಲೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆಯವರ ಸಲುವಾಗಿ ಸಕ್ಕರೆ ಕಡಿಮೆ ಮಾಡಿದುದಾಗಿ ಬರೆದಿದ್ದೀರಿ. ಆದರೆ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆಲ್ಕೋಹಾಲೇ ರಕ್ತದ ಸಕ್ಕರೆಯನ್ನು ತೀರಾ ಕೆಳಕ್ಕಿಳಿಸಬಹುದಾದ್ದರಿಂದ ಅವರ ಲೋಟವನ್ನು ಸಿಹಿಯ ಲೆಕ್ಕದಿಂದ ಅಳೆಯುವುದು ಸರಿಯಲ್ಲ.

ವಿನೆಗರ್ ಆದದ್ದು ಮರಳಿ ವೈನ್ ಆಗದು. ಸಕ್ಕರೆ ಸುರಿದರೆ ಹುಳಿ ಮರೆಯಾದಂತೆ ಅನಿಸೀತು, ಆಮ್ಲ ಅಲ್ಲಿಯೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಭರಣಿಯ ಒಳಮೈಯನ್ನು ಟಾರ್ಚ್ ಹಿಡಿದು ನೋಡಿ. ಹಳೆಯ ಭರಣಿಗಳ ಹೊಳಪು ಲೇಪದಲ್ಲಿ ಸೀಸ ಇರುವುದುಂಟು. ಲೇಪದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಅಥವಾ ಪದರ ಎದ್ದಿದ್ದರೆ, ವಾರಗಟ್ಟಲೆ ನಿಂತ ಹುಳಿರಸ ಆ ಸೀಸವನ್ನು ಕರಗಿಸಿಕೊಳ್ಳಬಲ್ಲದು. ಹಾಗಿದ್ದ ಪಕ್ಷದಲ್ಲಿ ಒಳಗಿರುವುದನ್ನು ಅಡುಗೆಗೂ ಬಳಸಬೇಡಿ, ಚೆಲ್ಲಿಬಿಡಿ.

ಪ್ರಶ್ನೆ: ನಮ್ಮ ಗುಡ್ಡೆಯಲ್ಲಿ ಫೆಬ್ರವರಿಯಿಂದ ಮೇ ತನಕ ಗೇರುಹಣ್ಣು ಬುಟ್ಟಿಗಟ್ಟಲೆ ಕೊಳೆತು ಹೋಗುತ್ತದೆ. ಬೀಜ ಹೆಕ್ಕಿ ಹಣ್ಣನ್ನು ಬಿಸಾಡುತ್ತೇವೆ. ಇದರಿಂದ ವೈನ್ ಮಾಡಿ ಮಾರಬಹುದೇ? – ಓದುಗರು, ಪೆರ್ಲ

ಉತ್ತರ: ಮಾರುವ ಉದ್ದೇಶವಿದ್ದರೆ ದಾರಿಯಿದೆ. ಕೇರಳ ಸರಕಾರವು 2022ರಲ್ಲಿ ರೂಪಿಸಿದ ಸಣ್ಣ ಪ್ರಮಾಣದ ವೈನರಿ ನಿಯಮಗಳು ಇಲ್ಲಿಯ ಕೃಷಿ ಉತ್ಪನ್ನಗಳಿಂದ ವೈನ್ ತಯಾರಿಸಲು ಪರವಾನಗಿ ಕೊಡುವುದಕ್ಕೆಂದೇ ಬಂದವು. ಒಬ್ಬರ ತೋಟದ ಹಣ್ಣಿನ ಬಲದಿಂದ ಇದಕ್ಕೆ ಕೈಹಾಕುವುದು ಕಷ್ಟ. ಊರಿನ ಕೆಲವು ಕೃಷಿಕರು ಒಟ್ಟಾದರೆ ಯೋಚಿಸಬಹುದು. ಅರ್ಜಿಯ ವಿವರಗಳನ್ನು ಅಬಕಾರಿ ಕಚೇರಿಯಿಂದಲೂ ಸಂಸ್ಕರಣೆಯ ತರಬೇತಿಯ ವಿವರಗಳನ್ನು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಿಂದಲೂ ಕೇಳಿ ತಿಳಿಯಿರಿ.

ಪರವಾನಗಿಯ ಹಂಗಿಲ್ಲದೆ ನಾಳೆಯೇ ಮಾಡಬಹುದಾದದ್ದು ರಸ. ಬಿದ್ದು ಒಂದು ದಿನ ಕಳೆದ ಹಣ್ಣು ಆಗಲೇ ಹುಳಿಬರಲು ತೊಡಗಿರುತ್ತದೆ. ಆದುದರಿಂದ ಬೆಳಗ್ಗೆ ಬಿದ್ದ, ಸಿಪ್ಪೆ ಒಡೆಯದ ಹಣ್ಣನ್ನೇ ಆರಿಸಿ ತೊಳೆದು ಹಿಂಡಬೇಕು. ಕಬ್ಬಿಣದ ಕತ್ತಿಯಿಂದ ಕೊಯ್ದರೆ ಕೊಯ್ದ ಗೆರೆಯುದ್ದಕ್ಕೂ ಕಪ್ಪಾಗುವುದನ್ನು ನೀವು ಕಂಡಿರಬಹುದು. ಹಣ್ಣಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣವದು. ಗಂಟಲು ಕೆರೆಯುವ ಚೊಗರಿಗೂ ಮುಖ್ಯ ಕಾರಣ ಆ ಟ್ಯಾನಿನ್ನೇ. ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿಯ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಅಂಟಿನ ಹದಕ್ಕೆ ಬೇಯಿಸಿ, ಆರಿಸಿ, ರಸಕ್ಕೆ ಬೆರೆಸಿ ಸ್ಟೀಲ್ ಪಾತ್ರೆಯಲ್ಲಿ ಅಲುಗಾಡಿಸದೆ ತಂಪಾದೆಡೆ ಇಟ್ಟರೆ ಟ್ಯಾನಿನ್ ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಂಡರಾಯಿತು. ಸಾಬಕ್ಕಿ ಇಲ್ಲದಿದ್ದರೆ ಗಂಜಿಯ ತೆಳಿಯೂ ಇದೇ ಕೆಲಸ ಮಾಡುತ್ತದೆ. ತಿಳಿಯನ್ನು ಕೂಡಲೇ ಬಿಸಿ ಮಾಡಿ ಸಕ್ಕರೆ, ನಿಂಬೆಹುಳಿ ಸೇರಿಸಿ ಶರಬತ್ತಿಗೆ ಇಟ್ಟುಕೊಳ್ಳಬಹುದು. ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇರುವ ಹಣ್ಣನ್ನು ಬೀಜಕ್ಕಾಗಿ ಮಾತ್ರ ಬೆಳೆಯುವುದು ನನಗಂತೂ ಸರಿಯೆನಿಸುವುದಿಲ್ಲ.

ಪ್ರಶ್ನೆ: ಮನೆಯ ವೈನ್‌ನಿಂದ ವಿಷಮದ್ಯದ ಹಾಗೆ ಕಣ್ಣು ಹೋಗುವ ಭಯವಿದೆಯೇ? – ಓದುಗರು, ಬದಿಯಡ್ಕ

ಉತ್ತರ: ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥದಿಂದ ಹುದುಗುವಾಗ, ಕಣ್ಣು ಕಳೆಯುವ ವಿಷವಾದ ಮಿಥೆನಾಲ್ ಹುಟ್ಟುತ್ತದೆ ನಿಜ, ಆದರೆ ಬರೀ ಹುದುಗಿಸಿದ ರಸದಲ್ಲಿ ಅದು ಬಹಳ ಕಡಿಮೆ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಮಿಥೆನಾಲ್ ಬೆರೆತ ಸಾರಾಯಿ ಕುಡಿದು. ಭಟ್ಟಿ ಇಳಿಸುವ ಗೋಜಿಗೆ ಯಾವ ಕಾರಣಕ್ಕೂ ಹೋಗಬಾರದು. ಹುದುಗು ನಿಲ್ಲದ ರಸವನ್ನು ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ. ಮನೆಗಳಲ್ಲಿ ಇದರಿಂದಾಗುವ ಗಾಯದ ಸಾಧ್ಯತೆ ಮಿಥೆನಾಲ್‌ಗಿಂತ ಹೆಚ್ಚು.

ಪ್ರಶ್ನೆ: ತೆಂಗಿನ ಕಳ್ಳು ಬೆಳಗ್ಗೆ ಸಿಹಿಯಾಗಿದ್ದು ಸಂಜೆಗೆ ಅಮಲೇರಿಸುವುದು ಹೇಗೆ? ಯಾರೂ ಅದಕ್ಕೆ ಯೀಸ್ಟ್ ಹಾಕುವುದಿಲ್ಲವಲ್ಲ? – ಓದುಗರು, ಕುಂಬಳೆ

ಉತ್ತರ: ಹಾಕುವ ಅಗತ್ಯವಿಲ್ಲ. ಹೊಂಬಾಳೆಯಿಂದ ತೊಟ್ಟಿಕ್ಕುವ ರಸದಲ್ಲಿ ಧಾರಾಳ ಸಕ್ಕರೆಯಿದ್ದು ಹುಳಿ ಇಲ್ಲವೆಂಬಷ್ಟು ಕಡಿಮೆ. ಗಾಳಿಯಿಂದ, ಕೀಟಗಳಿಂದ, ಎಲ್ಲಕ್ಕಿಂತ ಮಿಗಿಲಾಗಿ ನಿನ್ನೆಯ ಕಳ್ಳಿನ ಪಸೆ ಉಳಿದ ಮಡಕೆಯಿಂದ ಯೀಸ್ಟೂ ಬ್ಯಾಕ್ಟೀರಿಯಾಗಳೂ ಅದಕ್ಕೆ ಸೇರುತ್ತವೆ. ನಮ್ಮ ಕರಾವಳಿಯ ಸೆಖೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುತ್ತವೆ. ಮಡಕೆಯ ಒಳಗೆ ಸುಣ್ಣ ಬಳಿದು ಸಿಹಿಯನ್ನು ಉಳಿಸಿಕೊಳ್ಳುವುದು ಹಿಂದಿನ ಕ್ರಮ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಸುಣ್ಣದ ಬದಲು ಐಸ್ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೇ ಜೋಡಿಸುವ ವಿಧಾನವನ್ನು ರೂಪಿಸಿ, ಹಾಗೆ ಸಂಗ್ರಹಿಸಿದ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟಿದೆ. ಅದನ್ನು ಕೊಂಡು ತಂದರೆ ದಾರಿಯುದ್ದಕ್ಕೂ ತಂಪು ಆರದಂತೆ ನೋಡಿಕೊಂಡು ಮನೆಗೆ ಬಂದೊಡನೆ ಫ್ರಿಜ್‌ನಲ್ಲಿಡಿ. ಮುಚ್ಚಳ ತೆರೆಯುವಾಗ ಸೋಡಾದಂತೆ ಬುಸ್ಸೆಂದರೆ ಅದು ಕಳ್ಳಾಗತೊಡಗಿದೆಯೆಂದು ತಿಳಿದು ಮಕ್ಕಳಿಗೆ ಕೊಡಬೇಡಿ.