“ವರ್ಷಗಳು ಉರುಳಿದವು” ಎಂಬ ವಾಕ್ಯದ ಒಳಗೆ

ಆತ್ಮೀಯರೇ,

ನಮಸ್ಕಾರ. ಕಾರವಾರದಿಂದ ನೀವು ಕಳುಹಿಸಿದ, ಯಕ್ಷಗಾನ ಕಲಾವಿದನೊಬ್ಬನ ಕುರಿತ ‘ದೈವದತ್ತ’ ಕಥೆ ತಲುಪಿದೆ, ನಿಧಾನವಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಒಂದು ಸಾಲಿನ ವಿಷಾದಪತ್ರದಲ್ಲಿ ಇದನ್ನು ತಿಳಿಸಿ ಮುಗಿಸಬಹುದಿತ್ತು. ಕಥೆಯ ನಾಲ್ಕನೆಯ ಪುಟ ಹಾಗೆ ಮಾಡಲು ಬಿಡಲಿಲ್ಲ. ಅದರ ವಿಷಯ ಮುಂದೆ ಬರೆಯುತ್ತೇನೆ.

ಕಥೆಯ ಜೊತೆಗಿನ ಪತ್ರದಲ್ಲಿ ನೀವು ಎರಡು ಮಾತು ಹೇಳಿದ್ದೀರಿ. “ಕಲೆ ಕಲಿಸಿ ಬರುವಂಥದ್ದಲ್ಲ, ರಕ್ತದಲ್ಲೇ ಇರಬೇಕು” ಎಂಬುದು ಒಂದು. “ನನ್ನಲ್ಲಿ ಪ್ರತಿಭೆ ಇದೆಯೋ ಇಲ್ಲವೋ ನೇರವಾಗಿ ತಿಳಿಸಿ” ಎಂಬುದು ಇನ್ನೊಂದು. ಎರಡನೆಯದಕ್ಕೆ ನಾನು ಉತ್ತರ ಕೊಡುವುದಿಲ್ಲ. ಹನ್ನೆರಡು ಪುಟ ಓದಿ ಅಂಥ ತೀರ್ಪು ಕೊಡುವವರನ್ನು ನೀವು ನಂಬಲೂ ಬಾರದು. ಇದೆ ಎಂದರೆ ತಿದ್ದುವುದನ್ನು ನಿಲ್ಲಿಸುತ್ತೀರಿ, ಇಲ್ಲ ಎಂದರೆ ಬರೆಯುವುದನ್ನೇ ನಿಲ್ಲಿಸುತ್ತೀರಿ. ಮೊದಲ ಮಾತಿಗೆ ಮಾತ್ರ ವಿವರವಾಗಿ ಉತ್ತರಿಸಬೇಕಾಗಿದೆ. ನಿಮ್ಮ ಕಥೆ ಕೆಟ್ಟಿರುವುದೇ ಆ ನಂಬಿಕೆಯಿಂದ.

ಹೊನ್ನಾವರ ತಾಲ್ಲೂಕಿನ ಬಡ ಹುಡುಗನೊಬ್ಬ ಗದ್ದೆಬಯಲಿನಲ್ಲಿ ಒಂದು ರಾತ್ರಿ ಯಕ್ಷಗಾನದ ಆಟ ನೋಡುತ್ತಾನೆ. ಆಟ ಆಡುವ ತಂಡದಲ್ಲಿ, ಅಂದರೆ ಮೇಳದಲ್ಲಿ, ವೇಷದ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರುತ್ತಾನೆ. ಒಂದು ದಿನ ಅಭಿಮನ್ಯುವಿನ ವೇಷಧಾರಿ ಬರುವುದಿಲ್ಲ. ಹುಡುಗ ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಹೋಗುತ್ತಾನೆ, ಜನ ಬೆರಗಾಗುತ್ತಾರೆ, ಇಪ್ಪತ್ತೈದು ತುಂಬುವುದರೊಳಗೆ ದೆಹಲಿಯಲ್ಲಿ ಪ್ರಶಸ್ತಿ ಪಡೆಯುತ್ತಾನೆ. ಪೆಟ್ಟಿಗೆ ಹೊರುವುದಕ್ಕೂ ಅಭಿಮನ್ಯುವಿಗೂ ನಡುವೆ ನೀವು ಬರೆದಿರುವುದು ಒಂದೇ ವಾಕ್ಯ: “ವರ್ಷಗಳು ಉರುಳಿದವು.” ಕಥೆ ಇರುವುದು ಆ ವಾಕ್ಯದ ಒಳಗೆ. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ.

ಉರುಳಿದ ಆ ವರ್ಷಗಳಲ್ಲಿ ಹುಡುಗ ಏನು ಮಾಡುತ್ತಿದ್ದ? ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಹುಡುಗರು ಬೆಳೆಯುತ್ತಿದ್ದ ದಾರಿ ನಿಮ್ಮ ಊರಿನ ಹಿರಿಯರಿಗೆ ಗೊತ್ತಿದೆ. ಪ್ರಸಂಗ, ಅಂದರೆ ಅಂದಿನ ಕಥೆ, ಆರಂಭವಾಗುವ ಮೊದಲು ಪೂರ್ವರಂಗ. ಅಲ್ಲಿ ಕಲಿಯುವವರು ಕಟ್ಟುವ ವೇಷಗಳು: ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ಜನ ಇನ್ನೂ ಬಂದು ಸೇರುತ್ತಿರುವ ಹೊತ್ತು ಅದು. ಕೋಡಂಗಿಯ ಹುಡುಗ ಹೆಜ್ಜೆ ತಪ್ಪಿದರೆ ಪದ್ಯ ಹಾಡುವ ಭಾಗವತರಿಗೆ ಕಾಣುತ್ತದೆ, ಮದ್ದಲೆಯವರಿಗೆ ತಿಳಿಯುತ್ತದೆ, ಆದರೆ ಪ್ರಸಂಗ ಕೆಡುವುದಿಲ್ಲ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ರಂಗಸ್ಥಳವೂ ಹಿಮ್ಮೇಳವೂ ಪ್ರೇಕ್ಷಕರೂ ನಿಜವಾದವರು, ಹೊಣೆ ಮಾತ್ರ ಅವನ ಹೆಗಲಿಗೆ ತಕ್ಕಷ್ಟು. ಅಲ್ಲಿಂದ ಮುಂದೆ ಸಖಿ, ದೂತ, ಸಣ್ಣಪುಟ್ಟ ಪುರುಷವೇಷಗಳು. ತನ್ನ ಪಾಲಿನ ವೇಷ ಮುಗಿದ ಮೇಲೆ ಮಲಗದೆ ಬದಿಯಲ್ಲಿ ಕುಳಿತು ದೊಡ್ಡ ವೇಷಧಾರಿಯ ಕಾಲನ್ನು ನೋಡಬೇಕು. ಮರುದಿನ ಅದನ್ನೇ ಮಾಡಲು ಹೋಗಿ ಬೈಸಿಕೊಳ್ಳಬೇಕು.

ಏಕ, ರೂಪಕ, ಝಂಪೆ, ಅಷ್ಟ, ತ್ರಿವುಡೆ ಎಂದು ತಾಳಗಳ ಹೆಸರು ಹೇಳಲು ಒಂದು ಸಂಜೆ ಸಾಕು. ಅವು ಕಾಲಿಗೆ ಇಳಿಯಲು ಬಹುಕಾಲ ಬೇಕು. ಎಣಿಸುತ್ತಾ ಕುಣಿಯುವವನ ಮುಖದಲ್ಲಿ ಅಭಿಮನ್ಯು ಇರುವುದಿಲ್ಲ, ಲೆಕ್ಕ ಇರುತ್ತದೆ. ಎಣಿಕೆಯನ್ನು ಕಾಲು ವಹಿಸಿಕೊಂಡು ಮನಸ್ಸು ಬಿಡುವಾದಾಗಲೇ ಪಾತ್ರಕ್ಕೆ ಒಳಗೆ ಜಾಗ ಸಿಗುವುದು. ನಿಮ್ಮ ಹುಡುಗನಿಗೆ ಆ ಬಿಡುವು ಯಾವ ರಾತ್ರಿ ಸಿಕ್ಕಿತು? ಯಾವ ಪದ್ಯಕ್ಕೆ ಕುಣಿಯುವಾಗ ಎಣಿಸುವುದನ್ನು ಮರೆತೂ ತಪ್ಪಲಿಲ್ಲ? ಈ ಒಂದು ಗಳಿಗೆಯನ್ನು ಬರೆಯಬಲ್ಲವರು ಕಥೆಗಾರರು. ಜನರ ಚಪ್ಪಾಳೆಯನ್ನು ಯಾರು ಬೇಕಾದರೂ ಬರೆದಾರು.

ತಲೆಗಟ್ಟಿನ ವಿಷಯವೂ ಹಾಗೆಯೇ. ಬಡಗಿನ ಮುಂಡಾಸನ್ನಾಗಲಿ ಕೇದಗೆ ಮುಂದಲೆಯನ್ನಾಗಲಿ ಪೆಟ್ಟಿಗೆಯಿಂದ ತೆಗೆದು ಟೋಪಿಯ ಹಾಗೆ ಇಟ್ಟುಕೊಳ್ಳುವುದಿಲ್ಲ, ಪ್ರತಿ ರಾತ್ರಿ ಸುತ್ತಿ ಕಟ್ಟಬೇಕು. ಸಡಿಲವಾದರೆ ಮಂಡಿ ಹಾಕುವಾಗ ಜಾರುತ್ತದೆ, ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಪೆಟ್ಟಿಗೆ ಹೊರುತ್ತಿದ್ದ ಹುಡುಗ ಯಾರ ಸಹಾಯವೂ ಇಲ್ಲದೆ ಕ್ಷಣದಲ್ಲಿ ವೇಷ ಕಟ್ಟಿಕೊಂಡ ಎಂದು ನೀವು ಬರೆದಾಗ, ವೇಷ ಕಟ್ಟುವ ಜಾಗವಾದ ಚೌಕಿಯನ್ನು ಒಮ್ಮೆ ನೋಡಿದ ಓದುಗನೂ ಪುಸ್ತಕ ಮುಚ್ಚುತ್ತಾನೆ. ನಿಮ್ಮ ಅಭಿಮನ್ಯು ಕಿರೀಟ ಧರಿಸಿದ್ದಾನೆ. ನಮ್ಮ ಕಡೆ ಅವನಿಗೆ ಕೇದಗೆ ಮುಂದಲೆ. ನಿಮ್ಮ ಭಾಗವತರು ಜಾಗಟೆ ಬಾರಿಸುತ್ತಾರೆ. ಜಾಗಟೆ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನದು, ಹೊನ್ನಾವರದ ಭಾಗವತರ ಕೈಯಲ್ಲಿರುವುದು ತಾಳ. ಇವು ಅಕ್ಷರದೋಷಗಳಂಥ ಸಣ್ಣ ತಪ್ಪುಗಳಲ್ಲ. ಕಣ್ಣಿನಿಂದ ನೋಡಿ ಕಲಿಯಬೇಕಾದದ್ದನ್ನು ಭಾವುಕತೆಯಿಂದ ತುಂಬಿಸಿದ್ದೀರಿ ಎಂಬುದಕ್ಕೆ ಸಾಕ್ಷಿಗಳು.

ಈಗ ನಾಲ್ಕನೆಯ ಪುಟ. ಬೆಳಗಿನ ಜಾವ ಆಟ ಮುಗಿದಿದೆ. ಹಿರಿಯ ವೇಷಧಾರಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದಾರೆ, ಹುಡುಗ ಕನ್ನಡಿ ಹಿಡಿದಿದ್ದಾನೆ. ನಿದ್ದೆ ತೂಗಿ ಕನ್ನಡಿ ಓರೆಯಾದಾಗಲೆಲ್ಲ ಅವರು ಮಾತಾಡದೆ ಅವನ ಮೊಣಕೈಯನ್ನು ಮೇಲಕ್ಕೆತ್ತುತ್ತಾರೆ. ಒಂದು ಕಣ್ಣಿನ ಬಣ್ಣ ಹೋಗಿದೆ, ಇನ್ನೊಂದರದು ಹಾಗೆಯೇ ಇದೆ. ಎರಡು ಕಣ್ಣುಗಳಲ್ಲಿ ಯಾವುದು ದೊಡ್ಡದು ಎಂದು ಹುಡುಗ ಹೋಲಿಸಿ ನೋಡುತ್ತಾನೆ. ಇದು ನಿಮ್ಮದೇ. ಇದನ್ನು ನೀವು ಎಲ್ಲೋ ನೋಡಿದ್ದೀರಿ, ಅಥವಾ ನೋಡಿದವರಿಂದ ಗಮನವಿಟ್ಟು ಕೇಳಿದ್ದೀರಿ. ಬಣ್ಣ ಕಣ್ಣನ್ನು ಹೇಗೆ ಹಿಗ್ಗಿಸುತ್ತದೆ ಎಂಬ ಪಾಠ ಅಲ್ಲಿ ನಡೆದುಹೋಗಿದೆ, ಗುರು ಕಲಿಸುತ್ತೇನೆ ಎಂದುಕೊಂಡಿಲ್ಲ, ಹುಡುಗ ಕಲಿಯುತ್ತೇನೆ ಎಂದುಕೊಂಡಿಲ್ಲ. ಮೇಳದ ಕಲಿಕೆಯ ಬಹುಪಾಲು ಹೀಗೆಯೇ ನಡೆದಿದೆ. ಇಷ್ಟು ಬರೆದವರು ಮುಂದಿನ ಪುಟದಲ್ಲಿ “ಅವನೊಳಗೆ ದೈವೀ ಜ್ವಾಲೆ ಧಗಧಗಿಸಿತು” ಎಂದು ಬರೆದದ್ದೇಕೆ?

ರಕ್ತದ ಮಾತಿಗೆ ಬರೋಣ. ಯಕ್ಷಗಾನ ಕಲಾವಿದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಹುಟ್ಟಿ ಬೆಳೆದದ್ದೇ ಆ ಮನೆಯಲ್ಲಿ. ರಕ್ತವೊಂದೇ ಸಾಕಾಗುವಂತಿದ್ದರೆ ಅವರಿಗಿಂತ ಹೆಚ್ಚು ಅನುಕೂಲ ಯಾರಿಗಿತ್ತು? ಆದರೂ ಅವರು ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತರು. ತಾವು ಪ್ರಸಿದ್ಧರಾದ ಮೇಲೆ 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಆರಂಭಿಸಿ ಬೇರೆ ಮನೆಗಳ ಮಕ್ಕಳಿಗೆ ಕಲಿಸಿದರು. ಕಲೆ ಕಲಿಸಿ ಬರುವುದಿಲ್ಲ ಎಂದು ನಂಬಿದವರು ಶಾಲೆ ಕಟ್ಟುವುದಿಲ್ಲ. ಬಡಗಿನ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ನಿಮ್ಮ ನಾಯಕನ ಇಪ್ಪತ್ತೈದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ಅಂಕೋಲೆಯ ಸುಕ್ರಿ ಬೊಮ್ಮಗೌಡರನ್ನು ಓದುಬರಹ ಇಲ್ಲದ ಸಹಜ ಪ್ರತಿಭೆ ಎಂದು ಬಣ್ಣಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಹಾಲಕ್ಕಿ ಹಾಡುಗಳ ಅಷ್ಟು ದೊಡ್ಡ ಸಂಗ್ರಹವನ್ನು ಒಬ್ಬರು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕೇಳಿ, ಹಾಡಿ, ಮತ್ತೆ ಹಾಡಿ ಬಂದ ವಿದ್ಯೆ. ಅದನ್ನು ವರ ಎಂದು ಕರೆದಾಗ ಆ ಶ್ರಮವನ್ನು ನಾವು ಅವರಿಂದ ಕಿತ್ತುಕೊಳ್ಳುತ್ತೇವೆ.

ಇದನ್ನು ಬರೆಯುವಾಗ ಒಂದು ಸಂಕಟವೂ ಇದೆ. ಕಾಲಮಿತಿಯ ಪ್ರಯೋಗಗಳು ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಮೂರು ಗಂಟೆಯಲ್ಲಿ ಪ್ರಸಂಗ ಮುಗಿಯಬೇಕಾದರೆ ಕೋಡಂಗಿಗೆ ಸಮಯ ಎಲ್ಲಿ? ಪ್ರೇಕ್ಷಕರಿಗೆ ಹೆಚ್ಚು ನಷ್ಟವಾಗಿಲ್ಲ ಎನ್ನುವವರಿದ್ದಾರೆ. ಕಲಿಯುವ ಹುಡುಗರಿಗೆ ಆಗಿದೆ. ತರಬೇತಿ ಕೇಂದ್ರಗಳು ಹೆಜ್ಜೆ ಕಲಿಸುತ್ತವೆ, ಚೆನ್ನಾಗಿಯೇ ಕಲಿಸುತ್ತವೆ. ಜನರ ಎದುರು ಸಣ್ಣದಾಗಿ ಸೋಲುವ ಅವಕಾಶವನ್ನು ಕೊಡುವುದು ಅವುಗಳಿಗೂ ಕಷ್ಟ. ನಿಮ್ಮ ಕಥೆ ಇಂದಿನ ಕಾಲದ್ದಾದರೆ ಈ ಪ್ರಶ್ನೆ ಅದರಲ್ಲಿ ಎಲ್ಲಾದರೂ ಇರಬೇಕಿತ್ತು.

ಕಥೆಯ ಮುನ್ನುಡಿಯಂತೆ ಕಾರವಾರದ ಕಡಲು ರವೀಂದ್ರನಾಥ ಟಾಗೋರರನ್ನು ಕವಿಯನ್ನಾಗಿ ಮಾಡಿತು ಎಂದು ಬರೆದಿದ್ದೀರಿ. ಅದನ್ನು ತೆಗೆದುಹಾಕಿ. ಅವರು ಅಲ್ಲಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದದ್ದು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ. ಬಾಲ್ಯದಿಂದಲೇ ಬರೆಯುತ್ತಿದ್ದು, ಆಗಲೇ ಪುಸ್ತಕಗಳನ್ನು ಪ್ರಕಟಿಸಿದ್ದ ಕವಿ ಈ ತೀರಕ್ಕೆ ಬಂದು ಒಂದು ನಾಟಕ ಬರೆದರು. ಆ ಕಡಲನ್ನು ನೀವೂ ದಿನವೂ ನೋಡುತ್ತೀರಲ್ಲ.

ಇನ್ನು ನಿಮ್ಮ ಗದ್ಯ. ನೀವು ಮೆಚ್ಚಿ ಓದಿದ ಹಿರಿಯರ ಉಸಿರು ಅಲ್ಲಲ್ಲಿ ಕೇಳಿಸುತ್ತದೆ. ಅದನ್ನು ನಾನು ದೋಷ ಎನ್ನುವುದಿಲ್ಲ. ಎಲ್ಲ ಕಲೆಗಳಲ್ಲೂ ಆರಂಭ ಅನುಕರಣೆಯೇ. ಆದರೆ ನೀವು ಅನುಕರಿಸಿರುವುದು ಅವರ ವಿಶೇಷಣಗಳನ್ನು. ಅವರು ಎಲ್ಲಿ ವಾಕ್ಯ ನಿಲ್ಲಿಸುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದನ್ನು ನೋಡಿಲ್ಲ. ಇಷ್ಟವಾದ ಒಂದು ಪುಟವನ್ನು ಕೈಯಾರೆ ನಕಲು ಮಾಡಿ. ಕೆಲವು ದಿನ ಬಿಟ್ಟು ನೆನಪಿನಿಂದ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟಾಗ, ನೀವು ಸೇರಿಸಿದ ಪದಗಳು ನಿಮ್ಮ ಚಟಗಳನ್ನು ತೋರಿಸಿಕೊಡುತ್ತವೆ. ನಿಮ್ಮ ವಿಷಯದಲ್ಲಿ ಅವು ‘ಅದಮ್ಯ’, ‘ಅನನ್ಯ’, ‘ಅವರ್ಣನೀಯ’ ಎಂದು ನಾನು ಈಗಲೇ ಹೇಳಬಲ್ಲೆ.

ಸಂಭಾಷಣೆ ಇನ್ನೂ ದುರ್ಬಲ. ತೋಟದ ಕೆಲಸಕ್ಕೆ ಹೋಗುವ ತಾಯಿ, ಭಾಗವತರು, ಪ್ರಶಸ್ತಿ ಕೊಡುವ ಮಂತ್ರಿ ಮೂವರೂ ಒಂದೇ ಭಾಷಣದ ಕನ್ನಡ ಆಡುತ್ತಾರೆ. ನಿಮ್ಮ ಕಥೆ ನಡೆಯುವ ತಾಲ್ಲೂಕಿನಲ್ಲಿ ಹವ್ಯಕರ ಮಾತು ಬೇರೆ, ನಾಮಧಾರಿಗಳದು ಬೇರೆ, ಹಾಲಕ್ಕಿಗಳದು ಬೇರೆ, ಮನೆಯಲ್ಲಿ ಕೊಂಕಣಿ ಆಡುವವರ ಕನ್ನಡವೇ ಬೇರೆ. ಇದಕ್ಕೆ ಒಂದು ಮದ್ದು ನಿಮ್ಮ ಹತ್ತಿರದಲ್ಲೇ ಇದೆ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ನಡೆಯುವ ತಾಳಮದ್ದಲೆಗೆ ಹೋಗಿ ಕುಳಿತುಕೊಳ್ಳಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಆ ಪದ್ಯದ ಅಂಕೆಯಲ್ಲಿದ್ದುಕೊಂಡೇ ಮಾತು ಬೆಳೆಸಬೇಕು, ಎದುರಿನವರು ಅನಿರೀಕ್ಷಿತವಾದ ಪ್ರಶ್ನೆ ಎಸೆದರೆ ಪಾತ್ರ ಬಿಡದೆ ಉತ್ತರಿಸಬೇಕು. ಮುಖ್ಯ ಅರ್ಥಧಾರಿಗಳನ್ನು ಎಲ್ಲರೂ ಕೇಳುತ್ತಾರೆ. ನೀವು ದೂತನ ಅರ್ಥ ಹೇಳುವ ಕಿರಿಯರನ್ನು ಗಮನಿಸಿ: ಎರಡು ಮಾತಿನ ಅವಕಾಶದಲ್ಲಿ ಯಾವುದನ್ನು ಆಯ್ದುಕೊಂಡರು, ಎಲ್ಲಿ ತಡವರಿಸಿದರು, ಹಿರಿಯರು ಸಭೆಗೆ ತಿಳಿಯದ ಹಾಗೆ ಅವರನ್ನು ಹೇಗೆ ಎತ್ತಿ ನಿಲ್ಲಿಸಿದರು. ನಿಮ್ಮ ಹುಡುಗನ ತಾಯಿಗೆ ಎಷ್ಟು ಮಾತು ಬೇಕು ಎಂಬುದು ಅಲ್ಲಿ ತಿಳಿದೀತು.

ಮುಂದಿನ ಕೆಲಸ ಹೀಗೆ ಮಾಡಿ. ಮೇಳಗಳ ತಿರುಗಾಟ ಆರಂಭವಾದಾಗ ಅನುಮತಿ ಕೇಳಿಕೊಂಡು ಚೌಕಿಯಲ್ಲಿ ಕುಳಿತುಕೊಳ್ಳಿ. ಟಿಪ್ಪಣಿಯಲ್ಲಿ ಕೈಗಳು ಮಾಡಿದ್ದನ್ನು ಮಾತ್ರ ಬರೆದುಕೊಳ್ಳಿ, ನಿಮಗೆ ಅನಿಸಿದ್ದನ್ನು ಅಂದು ಬರೆಯಬೇಡಿ. ಆಮೇಲೆ ಕನ್ನಡಿ ಹಿಡಿದ ಹುಡುಗನಿಂದ ಕಥೆ ಶುರುಮಾಡಿ ಅವನ ಮೊದಲ ಕೋಡಂಗಿ ವೇಷಕ್ಕೆ ನಿಲ್ಲಿಸಿ. ಅಭಿಮನ್ಯು ಬೇಡ, ದೆಹಲಿಯೂ ಬೇಡ. ಐದಾರು ಪುಟ ಸಾಕು. ಹಸ್ತಪ್ರತಿಯನ್ನು ಗುರುತು ಹಾಕಿ ಹಿಂದಿರುಗಿಸುತ್ತಿದ್ದೇನೆ. ನಾಲ್ಕನೆಯ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟರೆ ನಾನು ಏನನ್ನೂ ಮುಟ್ಟಿಲ್ಲ. ಹೊಸ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ಸಾಲುಗಳ ನಡುವೆ ತಿದ್ದಲು ಜಾಗ ಬಿಟ್ಟು.

ಇತಿ,
ಸಂಪಾದಕ
ಶಿರಸಿ