ಇದೇ ಊರಿನವರು ನಾವು, ಹಗಲು ಹೊತ್ತಿನಲ್ಲಿ ಜಾಸ್ತಿ ಖರ್ಚಿಲ್ಲದೆ ಇಬ್ಬರೂ ಎಲ್ಲಿಗೆ ಹೋಗಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಇಬ್ಬರೂ ವರ್ಷಗಳಿಂದ ಇದೇ ನಗರದಲ್ಲಿದ್ದೀರಿ. ಸಂಜೆ ಹೊರಗೆ ಹೋಗಲು ಆಗುವುದಿಲ್ಲ, ರಜೆಯ ದಿನ ಹಗಲು ಮಾತ್ರ ಬಿಡುವು. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡಬೇಕು. ನೋಡುವಂಥದ್ದೆಲ್ಲ ನೋಡಿ ಆಗಿದೆ, ಇನ್ನೆಲ್ಲಿಗೆ ಹೋಗೋದು?

ನನ್ನದೂ ನನ್ನ ಹೆಂಡತಿಯದೂ ಹೆಚ್ಚುಕಮ್ಮಿ ಇದೇ ಕತೆ. ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ: ಪಾರ್ಕು, ನೀರಿನ ದಂಡೆ, ಮ್ಯೂಸಿಯಂ. ಆ ಪಟ್ಟಿ ನಿಮ್ಮ ಹತ್ತಿರವೂ ಇದೆ, ಅಲ್ವಾ? ಜಾಗ ಗೊತ್ತಿಲ್ಲ ಅಂತ ಯಾರೂ ಮನೆಯಲ್ಲಿ ಕೂತಿರುವುದಿಲ್ಲ. ಹೋಗಿ ಮಾಡುವುದೇನು ಅಂತ ತೋಚದೆ ಕೂತಿರುತ್ತಾರೆ. ಪಾರ್ಕಿಗೆ ಹೋದೆವು, ಬೆಂಚಿನ ಮೇಲೆ ಕೂತೆವು, ಸ್ವಲ್ಪ ಹೊತ್ತಿಗೆ ಇಬ್ಬರ ಕೈಗೂ ಮೊಬೈಲು ಬಂತು, ಎದ್ದು ಬಂದೆವು. ಅದಕ್ಕೇ ನನ್ನ ಸಲಹೆ ಒಂದೇ. ಜಾಗ ಹುಡುಕಬೇಡಿ, ಇಬ್ಬರೂ ಸೇರಿ ಮಾಡುವ ಒಂದು ಸಣ್ಣ ಕೆಲಸ ಹುಡುಕಿ. ಕೆಲಸ ಇಬ್ಬರಿಗೂ ಹೊಸದಾಗಿರಲಿ, ಜಾಗ ಹಳೆಯದಾದರೂ ಅಡ್ಡಿಯಿಲ್ಲ.

ಇದು ನನ್ನ ತಲೆಯಲ್ಲಿ ಹುಟ್ಟಿದ ಸಿದ್ಧಾಂತವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 53 ದಂಪತಿಗಳನ್ನು ಗುಂಪು ಮಾಡಿ, ಕೆಲವರಿಗೆ ವಾರಕ್ಕೆ ಒಂದೂವರೆ ಗಂಟೆ ಹಿತವಾದ ಕೆಲಸ ಏನಾದರೂ ಮಾಡಿ ಅಂದರು. ಇನ್ನು ಕೆಲವರಿಗೆ ಹುರುಪು ಹುಟ್ಟಿಸುವಂಥದ್ದು ಮಾಡಿ ಅಂದರು. 10 ವಾರ ಆದ ಮೇಲೆ ವಿಚಾರಿಸಿದರೆ, ಹುರುಪಿನ ಗುಂಪಿನವರು ಹಿತದ ಗುಂಪಿನವರಿಗಿಂತ ತಮ್ಮ ದಾಂಪತ್ಯದ ಬಗ್ಗೆ ಖುಷಿಯಾಗಿದ್ದರು. 2000ದಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗ ಕೇಳಿದರೆ ನಗು ಬರುತ್ತದೆ. ಇಬ್ಬರ ಮಣಿಕಟ್ಟು, ಕಾಲುಗಳನ್ನು ಒಟ್ಟಿಗೆ ಕಟ್ಟಿ, ನಡುವೆ ಒಂದು ದಿಂಬು ಕೊಟ್ಟು, ಕೈ ತಾಗಿಸದೆ ಅದು ಬೀಳದ ಹಾಗೆ ಅಡ್ಡವಿಟ್ಟದ್ದನ್ನೆಲ್ಲ ದಾಟಿ ಬರಬೇಕು ಅಂದರು. ಇಷ್ಟೇ, ಏಳು ನಿಮಿಷದ ಆಟ. ಅಷ್ಟಕ್ಕೇ ಒಬ್ಬರ ಬಗ್ಗೆ ಒಬ್ಬರ ಅಭಿಪ್ರಾಯ ಸ್ವಲ್ಪ ಮೇಲೇರಿತ್ತು. ದಿಂಬಿಗೆ ಖರ್ಚೇನು ಆಗಿರುತ್ತದೆ ಹೇಳಿ.

ಈಗ ನಿಮ್ಮ ಊರಿಗೆ ಬರೋಣ. ಮೊದಲು ಮಾಡಬೇಕಾದದ್ದು ಮನೆಯಲ್ಲೇ. ಇಬ್ಬರೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಮೊಬೈಲು ನೋಡದೆ, ಒಬ್ಬರದು ಒಬ್ಬರು ನೋಡದೆ, ನಿಮ್ಮ ಊರಿನ ನಕ್ಷೆ ಬರೆಯಿರಿ. ನಗರ ಯೋಜನೆಯ ವಿದ್ವಾಂಸ ಕೆವಿನ್ ಲಿಂಚ್ 1950ರ ದಶಕದಲ್ಲಿ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ಜನರಿಂದ ಇದನ್ನೇ ಮಾಡಿಸಿದ್ದರು. ಜನರ ಮನಸ್ಸಿನಲ್ಲಿ ಊರು ಹೇಗೆ ಕೂತಿದೆ ಅಂತ ತಿಳಿಯುವುದು ಅವರ ಉದ್ದೇಶ. ನಿಮ್ಮ ಉದ್ದೇಶ ಬೇರೆ. ನೀವು ನೋಡಬೇಕಾದದ್ದು ಹಾಳೆಯಲ್ಲಿ ಖಾಲಿ ಉಳಿದ ಜಾಗವನ್ನು.

ನಾವು ಬರೆದಾಗ ನನ್ನ ನಕ್ಷೆಯಲ್ಲಿ ಬರೀ ರಸ್ತೆ, ತಿರುವು, ಸಿಗ್ನಲ್. ಹೆಂಡತಿಯದರಲ್ಲಿ ರಸ್ತೆಯೇ ಇಲ್ಲ. ಮರ, ಮೆಟ್ಟಿಲು, ಕಾಲೇಜಿಗೆ ಹೋಗುವಾಗ ಬಸ್ಸಿಗೆ ಕಾಯುತ್ತಿದ್ದ ಕಟ್ಟೆ, ಗೆಳತಿಯ ಮನೆ. ಇಷ್ಟು ವರ್ಷ ಇಬ್ಬರೂ ಒಂದೇ ಊರಲ್ಲಿ ಇದ್ದೆವಾ ಅಂತ ಅನುಮಾನ ಬರುವಷ್ಟು ಬೇರೆ ಬೇರೆ. ಆದರೆ ರೈಲು ಹಳಿಯ ಆಚೆ ಕಡೆ ಇಬ್ಬರ ಹಾಳೆಯೂ ಖಾಲಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸರಿ, ನಮಗೆ ಹಿತ್ತಲಲ್ಲಿ ಗಿಡ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಮುಂದಿನ ರಜೆಯ ದಿನ ಅಲ್ಲಿಗೇ ಹೋದೆವು. ಸುಮ್ನೆ ತಿರುಗುವುದು ಬೇಡ ಅಂತ ಒಂದು ಕೆಲಸ ಇಟ್ಟುಕೊಂಡೆವು: ಕಟ್ಟಡದ ಮೇಲೆ ಇಸವಿ ಕೆತ್ತಿರುವುದು ಎಲ್ಲೆಲ್ಲಿದೆ ನೋಡಬೇಕು, ಎಲ್ಲಕ್ಕಿಂತ ಹಳೆಯದು ಯಾರ ಕಣ್ಣಿಗೆ ಬೀಳುತ್ತದೋ ಅವರು ಗೆದ್ದ ಹಾಗೆ. ಒಂದು ಗಲ್ಲಿಯಲ್ಲಿ ಸಾಲಾಗಿ ಒಂದೇ ಥರದ ಮನೆಗಳು. ಕಿಟಕಿಯ ಕಂಬಿಗಳ ವಿನ್ಯಾಸವೂ ಒಂದೇ. ಕೊನೆಯ ಮನೆಯ ಬಾಗಿಲ ಮೇಲೆ ಗಾರೆಯಲ್ಲಿ ಉಬ್ಬಿಸಿ ಬರೆದ ಇಸವಿ ಇತ್ತು, ಆದರೆ ಕೊನೆಯ ಅಂಕಿ ಕಿತ್ತು ಬಿದ್ದಿತ್ತು. ಉಳಿದ ಗುರುತು ನೋಡಿ ಅದು 3 ಅಂತ ನಾನು, ಅಲ್ಲ 8 ಅಂತ ಅವಳು. ಗಿಡಕ್ಕೆ ನೀರು ಹಾಕುತ್ತಿದ್ದ ಯಜಮಾನರು ನಮ್ಮ ಜಗಳ ಕೇಳಿ ಹೊರಗೆ ಬಂದರು. ‘ಈ ಮನೆ ನನಗಿಂತ ಎರಡು ವರ್ಷ ದೊಡ್ಡದು’ ಅಂದರು. ನಿಮಗೆಷ್ಟು ವಯಸ್ಸು ಅಂದರೆ ನಕ್ಕು ಒಳಗೆ ಹೋದರು. ಆ ಪಂದ್ಯ ಇವತ್ತಿಗೂ ಇತ್ಯರ್ಥವಾಗಿಲ್ಲ.

ಇಸವಿಯೇ ಆಗಬೇಕೆಂದಿಲ್ಲ. ಗೋಡೆಗಳ ಮೇಲಿನ ಹಳೆಯ ಬಣ್ಣದ ಜಾಹೀರಾತು, ಕೈಬರಹದ ಬೋರ್ಡು, ನಿಂತುಹೋದ ಗಡಿಯಾರ, ಸೂರಿನ ಕೆಳಗಿನ ಗೂಡು, ಏನಾದರೂ ಆಗುತ್ತದೆ. ನಡೆಯುವಾಗ ಇಬ್ಬರ ಕಣ್ಣಿಗೂ ಒಂದು ಗುರಿ ಇರಬೇಕು, ಅಷ್ಟೇ. ಮಾತು ತಾನಾಗಿ ಬರುತ್ತದೆ. ‘ಏನಾದರೂ ಮಾತಾಡು’ ಅಂತ ಎದುರು ಬದುರು ಕೂತಾಗ ಬಾರದ ವಿಷಯ, ಪಕ್ಕಪಕ್ಕ ನಡೆಯುವಾಗ ಬರುತ್ತದೆ. ಮನೆ ಬಾಡಿಗೆ, ಅಪ್ಪನ ಆರೋಗ್ಯ, ಕೆಲಸ ಬಿಡುವ ಯೋಚನೆ, ನಮ್ಮಲ್ಲಿ ಇವೆಲ್ಲ ಮಾತಿಗೆ ಬಂದದ್ದು ನಡೆಯುವಾಗಲೇ.

ಮ್ಯೂಸಿಯಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ಅದನ್ನು ನೋಡಿ ಆಗಿದೆ’ ಅಂತ ಎಲ್ಲರೂ ಬದಿಗಿಡುವುದು ಇದನ್ನೇ. ನಿಜಕ್ಕೂ ನೋಡಿದ್ದೀರಾ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು. 2001ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಸರಾಸರಿ 27 ಸೆಕೆಂಡು. ಅರ್ಧಕ್ಕರ್ಧ ಜನ 17 ಸೆಕೆಂಡು ಕೂಡ ದಾಟಿರಲಿಲ್ಲ. ಮ್ಯೂಸಿಯಂನಲ್ಲಿ ಕಾಲು ನೋಯುವುದು, ತಲೆ ಭಾರವಾಗುವುದು ನಿಮ್ಮೊಬ್ಬರ ಸಮಸ್ಯೆಯೂ ಅಲ್ಲ. ಬಾಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಇದರ ಬಗ್ಗೆ ಬರೆದಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ನೋಡಲು ಮನುಷ್ಯ ಎಷ್ಟು ಬಗ್ಗಬೇಕು, ಕುಕ್ಕರಿಸಬೇಕು ಅಂತ ಫೋಟೊ ತೆಗೆಸಿ ತೋರಿಸಿದ್ದರು.

ಹಾಗಾಗಿ ಇಡೀ ಮ್ಯೂಸಿಯಂ ನೋಡುವ ಹಟ ಬೇಡ. ಒಂದು ಗಂಟೆ, ಒಂದು ಕೋಣೆ, ಮೂರು ವಸ್ತು. ನಾವು ಆಡುವ ಆಟ ಹೀಗಿದೆ. ಒಂದು ವಿಗ್ರಹವನ್ನೋ ಚಿತ್ರವನ್ನೋ ಇಬ್ಬರೂ ಐದು ನಿಮಿಷ ನೋಡುತ್ತೇವೆ. ಆಮೇಲೆ ಒಬ್ಬರು ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು, ಇನ್ನೊಬ್ಬರು ಪ್ರಶ್ನೆ ಕೇಳಬೇಕು. ಎಡಗೈ ಎಲ್ಲಿತ್ತು? ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು? ನಾಯಿ ಯಾರನ್ನು ನೋಡುತ್ತಿತ್ತು? ‘ನಾಯಿ ಎಲ್ಲಿತ್ತು?’ ಅಂತ ನಾನು ತಿರುಗಿ ಕೇಳಿದ್ದುಂಟು. ಫೋಟೊ ಆಮೇಲೆ ತೆಗೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ 2014ರ ಅಧ್ಯಯನದಲ್ಲಿ, ವಸ್ತುವಿನ ಪೂರ್ತಿ ಫೋಟೊ ತೆಗೆದುಕೊಂಡವರಿಗೆ ಬರೀ ಕಣ್ಣಲ್ಲಿ ನೋಡಿದವರಿಗಿಂತ ಅದರ ವಿವರ ಕಡಿಮೆ ನೆನಪಿತ್ತು. ಅದರ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಿಗೆ ಮಾತ್ರ ಹಾಗಾಗಲಿಲ್ಲ. ತೆಗೆಯಲೇಬೇಕು ಅನ್ನಿಸಿದರೆ ಬೆರಳೋ ಕಿವಿಯೋ ಯಾವುದಾದರೂ ಒಂದಕ್ಕೆ ಝೂಮ್ ಮಾಡಿ. ಎಷ್ಟೋ ಮ್ಯೂಸಿಯಂಗಳಲ್ಲಿ ವಾರಕ್ಕೋ ತಿಂಗಳಿಗೋ ಒಂದು ದಿನ ಪ್ರವೇಶ ಉಚಿತ ಇರುತ್ತದೆ, ಮೊದಲೇ ವಿಚಾರಿಸಿ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಅವತ್ತು ಟಿಕೆಟ್ ಇಲ್ಲದೆ ಬಿಡುವ ಕಡೆಗಳೂ ಇವೆ.

ಬೆಳಿಗ್ಗೆ ಬೇಗ ಏಳುವ ಜೋಡಿಯಾದರೆ ಹಕ್ಕಿ ನೋಡಿ. ಬೈನಾಕ್ಯುಲರ್ ಆಮೇಲೆ ನೋಡೋಣ, ಕಿವಿ ಸಾಕು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಮಾಡಿರುವ ಮರ್ಲಿನ್ ಅನ್ನುವ ಆ್ಯಪ್ ಉಚಿತ. ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಇರಬಹುದು ಅಂತ ಹೇಳುತ್ತದೆ. ನಿಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡು ಹೋಗಿ. ಆ್ಯಪ್ ಹೇಳಿದ್ದೇ ವೇದವಾಕ್ಯ ಅಂದುಕೊಳ್ಳಬೇಡಿ, ಹೆಸರು ಬಂದ ಮೇಲೆ ಹಕ್ಕಿಯನ್ನು ಕಣ್ಣಿಂದ ಹುಡುಕುವುದರಲ್ಲೇ ಮಜಾ ಇರುವುದು. ಗಿಡ, ಹುಳ, ಚಿಟ್ಟೆ ಗುರುತಿಸಲು ಐನ್ಯಾಚುರಲಿಸ್ಟ್ ಅನ್ನುವ ಆ್ಯಪ್ ಇದೆ, ಅದೂ ಉಚಿತ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ನಡೆಯುವ, ಊರಿನ ಗಿಡ, ಪ್ರಾಣಿಗಳನ್ನು ಗುರುತಿಸಿ ದಾಖಲಿಸುವ ಸಿಟಿ ನೇಚರ್ ಚಾಲೆಂಜ್‌ನಲ್ಲಿ ಈಗ ಜಗತ್ತಿನ ನೂರಾರು ನಗರಗಳು ಸೇರುತ್ತವೆ. 2016ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಪೈಪೋಟಿಯಾಗಿ ಶುರುವಾದದ್ದು ಅದು.

ಹುಡುಕಾಟವೇ ಇಷ್ಟವಾದರೆ ಜಿಯೊಕ್ಯಾಶಿಂಗ್. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರುವುದು. 2000ದ ಮೇ 2ರಂದು ಅಮೆರಿಕ ಸರ್ಕಾರ ಸಾಮಾನ್ಯರ ಜಿಪಿಎಸ್‌ಗೆ ಬೇಕೆಂದೇ ಇಟ್ಟಿದ್ದ ಅಸ್ಪಷ್ಟತೆಯನ್ನು ತೆಗೆದುಹಾಕಿತು. ಜಾಗ ನಿಖರವಾಗಿ ತಿಳಿಯುವಂತಾಯಿತು, ಮರುದಿನವೇ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಒಬ್ಬರು ಇಂಥ ಮೊದಲ ಡಬ್ಬಿಯಾಗಿ ಒಂದು ಬಕೆಟ್ ಬಚ್ಚಿಟ್ಟರು. ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲ, ಹೆಂಡತಿಗೆ ಹುಚ್ಚು.

ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕಾದ ಎರಡು ಸಂಗತಿ. ಒಂದು, ಓಪನ್ ಹೌಸ್. ಬೇರೆ ದಿನ ಒಳಗೆ ಬಿಡದ ಕಟ್ಟಡಗಳನ್ನು ವರ್ಷಕ್ಕೊಮ್ಮೆ ಜನರಿಗೆ ತೆರೆದಿಡುವ ಕಾರ್ಯಕ್ರಮ. 1992ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಎಷ್ಟೋ ನಗರಗಳಿಗೆ ಹಬ್ಬಿದೆ. ಇನ್ನೊಂದು, ಜೇನ್ಸ್ ವಾಕ್. ನಗರಗಳ ಬಗ್ಗೆ ಬರೆದು ಹೋರಾಡಿದ ಜೇನ್ ಜೇಕಬ್ಸ್ ನೆನಪಿಗೆ 2007ರಲ್ಲಿ ಟೊರಾಂಟೊದಲ್ಲಿ ಆರಂಭವಾಯಿತು. ಮೇ ತಿಂಗಳ ಮೊದಲ ವಾರಾಂತ್ಯದ ಹೊತ್ತಿಗೆ ಅಲ್ಲಲ್ಲಿನ ಜನರೇ ತಮ್ಮ ಬೀದಿಯನ್ನು ತೋರಿಸುತ್ತಾ ನಡೆಯುತ್ತಾರೆ, ದುಡ್ಡು ಕೇಳುವುದಿಲ್ಲ. ನಿಮ್ಮ ಊರಲ್ಲಿ ಇವೆಯೋ ನೋಡಿ. ಇಲ್ಲದಿದ್ದರೆ ನಾಲ್ಕು ಗೆಳೆಯರನ್ನು ಸೇರಿಸಿ ನಿಮ್ಮ ಬೀದಿಯನ್ನು ನೀವೇ ತೋರಿಸಬಹುದು.

ಬಸ್ಸಿನ ಕೊನೆ ಸ್ಟಾಪಿಗೆ ಹೋಗುವುದು ಹಳೆಯ ಉಪಾಯ, ಈಗಲೂ ಚೆನ್ನಾಗಿಯೇ ಇದೆ. ಹೆಸರು ಮಾತ್ರ ಬೋರ್ಡಿನಲ್ಲಿ ಓದಿರುವ ಜಾಗಕ್ಕೆ ಹೋಗಿ ಇಳಿಯಿರಿ, ಹಿಂದಕ್ಕೆ ನಾಲ್ಕೈದು ಸ್ಟಾಪು ನಡೆಯಿರಿ, ಸಾಕಾದಲ್ಲಿ ಬಸ್ಸು ಹತ್ತಿ. ವಾಪಸು ಬಸ್ಸು ಎಷ್ಟು ಹೊತ್ತಿಗೊಂದು ಇದೆ ಅಂತ ಇಳಿದ ತಕ್ಷಣ ಕಂಡಕ್ಟರನ್ನೋ ಡ್ರೈವರನ್ನೋ ಕೇಳಿಬಿಡಿ.

ಇನ್ನು ದುಡ್ಡಿನ ವಿಷಯ. ನಮ್ಮ ಅನುಭವದಲ್ಲಿ ಟಿಕೆಟ್ಟಿಗೆ ಹೋಗುವ ದುಡ್ಡು ಕಡಿಮೆ, ಸುಸ್ತಿಗೆ ಹೋಗುವುದೇ ಜಾಸ್ತಿ. ಬಾಯಾರಿತು, ಕಂಡ ಅಂಗಡಿಗೆ ನುಗ್ಗಿದೆವು. ಬಿಸಿಲು ಹತ್ತಿತು, ಟ್ಯಾಕ್ಸಿ ಹಿಡಿದೆವು. ಅದಕ್ಕೇ ನೀರು, ಬುತ್ತಿ, ಒಂದು ಛತ್ರಿ ಮನೆಯಿಂದಲೇ ಒಯ್ಯಿರಿ. ಬಿಸಿಲಿಗೆ ಒಂದು ಸುಲಭ ಅಳತೆ ಇದೆ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಯಿತೆಂದರೆ ಸೂರ್ಯ 45 ಡಿಗ್ರಿಗಿಂತ ಮೇಲೆ ಬಂದಿದ್ದಾನೆ, ನೇರಳಾತೀತ ಕಿರಣ ಚುರುಕಾಗಿದೆ ಅಂತ ಅರ್ಥ. ನೆರಳು ಉದ್ದ ಇರುವಾಗ ನಡಿಗೆ, ಗಿಡ್ಡ ಇರುವಾಗ ಮ್ಯೂಸಿಯಂ, ಲೈಬ್ರರಿ. ಶೌಚಾಲಯ ಎಲ್ಲಿದೆ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಅರ್ಧ ದಿನ ಹಾಳಾಗುವುದು ಇದರಿಂದಲೇ.

ಮಾಲ್‌ಗೆ ಹೋಗಿ ಸುಮ್ನೆ ನೋಡಿಕೊಂಡು ಬನ್ನಿ ಅಂತ ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಒಳಗೆ ಹೋಗಲು ದುಡ್ಡಿಲ್ಲ ನಿಜ, ಆದರೆ ಮೂರು ಗಂಟೆ ಹೊತ್ತು ಕೊಳ್ಳಲಾಗದ್ದನ್ನೇ ನೋಡಿಕೊಂಡು ಬಂದರೆ ಮನೆಗೆ ಬರುವ ಹೊತ್ತಿಗೆ ಮುಖ ಗಂಟಿಕ್ಕಿರುತ್ತದೆ.

ಒಂದು ಕರಾರು ಮಾಡಿಕೊಳ್ಳಿ. ಒಂದು ಸಲ ಅವರು ಆರಿಸಲಿ, ಇನ್ನೊಂದು ಸಲ ನೀವು. ಆರಿಸಿದವರೇ ದಾರಿ, ಹೊತ್ತು, ಬಸ್ಸು ಎಲ್ಲ ನೋಡಿಕೊಳ್ಳಬೇಕು. ಇನ್ನೊಬ್ಬರು ಗೊಣಗದೆ ಹೋಗಬೇಕು, ಬೇಸರವಾದರೂ ಅಲ್ಲೇ ಮೂತಿ ಉಬ್ಬಿಸಬಾರದು. ‘ಎಲ್ಲಿಗೆ ಹೋಗೋಣ?’ ‘ನೀನೇ ಹೇಳು’ ‘ಇಲ್ಲ, ನೀನು ಹೇಳು’ ಅಂತ ಊಟದ ಹೊತ್ತಿನವರೆಗೂ ಎಳೆಯುವುದು ಇದರಿಂದ ತಪ್ಪುತ್ತದೆ.

ಮಳೆ ಬಂದರೆ ಲೈಬ್ರರಿ. ಅಲ್ಲೂ ಕೆಲಸ ಇರಲಿ: ಅರ್ಧ ಗಂಟೆಯೊಳಗೆ ಅವರಿಗಾಗಿ ನೀವು ಒಂದು ಪುಸ್ತಕ ಹುಡುಕಬೇಕು, ನಿಮಗಾಗಿ ಅವರು. ಇಬ್ಬರೂ ಎಂದೂ ಕಾಲಿಡದ ವಿಭಾಗದಿಂದಲೇ ತರಬೇಕು. ನನ್ನ ಹೆಂಡತಿ ಹೋದ ಸಲ ನನಗೆ ಜೇನು ಸಾಕಣೆಯ ಪುಸ್ತಕ ತಂದುಕೊಟ್ಟಳು. ಯಾಕೆ ಅಂತ ಇನ್ನೂ ಹೇಳಿಲ್ಲ.