ಗುಹೆಯೊಳಗೆ ಬಂದ ದಾರಿಗೂ ಸುಂಕ ಇದೆ

ನಿಮ್ಮ ಪ್ರಶ್ನೆ ಇದು: ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್ (ಡೈವಿಂಗಿನ ಮೊದಲ ಹಂತದ ಕೋರ್ಸ್) ಮುಗಿಸಿದ್ದೀರಿ, ಇಲ್ಲಿಯವರೆಗೆ ಒಂಬತ್ತು ಡೈವ್ ಆಗಿದೆ, ನವೆಂಬರ್‌ನಲ್ಲಿ ಮಾಲ್ಟಾಕ್ಕೆ ಬರುತ್ತಿದ್ದೀರಿ. ಅಲ್ಲಿನ ಸಮುದ್ರದ ಗುಹೆಗಳ ಒಳಗೆ ಡೈವ್ ಮಾಡಬಹುದಾ, ಜೊತೆಗೆ ಗೈಡ್ ಇದ್ದರೆ ಸಾಕಾ?

ನಾನು ಹೊನ್ನಾವರದ ಕಡೆಯವಳು. ನರ್ಸ್ ಕೆಲಸಕ್ಕೆಂದು ಮಾಲ್ಟಾಕ್ಕೆ ಬಂದು ಏಳು ವರ್ಷ ಆಯಿತು. ನಾನೂ ಮೊದಲ ಸಲ ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿದಿದ್ದು ನೇತ್ರಾಣಿಯಲ್ಲೇ. ಇಲ್ಲಿ ರಜೆ ಸಿಕ್ಕಾಗಲೆಲ್ಲ ಹಡಗು ಹತ್ತಿ ಗೋಜೋ ದ್ವೀಪಕ್ಕೆ ಹೋಗುತ್ತೇನೆ, ಡೈವ್ ಮಾಡುವುದಕ್ಕೇ. ಹಾಗಾಗಿ ನೇರವಾಗಿ ಹೇಳುತ್ತೇನೆ. ಗುಹೆಯ ಬಾಯಿಯವರೆಗೆ ಹೋಗಿ. ಅದರಾಚೆ ಬೇಡ. ಗೈಡ್ ಎಷ್ಟೇ ಧೈರ್ಯ ಹೇಳಿದರೂ ಬೇಡ.

ಯಾಕೆ ಅಂತ ಕೇಳಿ. ಕೋರ್ಸಿನಲ್ಲಿ ಕಲಿಸಿದ್ದನ್ನೆಲ್ಲ ಒಮ್ಮೆ ನೆನಪು ಮಾಡಿಕೊಳ್ಳಿ. ಗಾಳಿ ಖಾಲಿಯಾದರೆ? ಜೊತೆಗಾರರ ಇನ್ನೊಂದು ರೆಗ್ಯುಲೇಟರ್ (ಟ್ಯಾಂಕಿನ ಗಾಳಿ ಕೊಡುವ ಬಾಯಿತುಂಡು) ಬಾಯಿಗೆ ಹಾಕಿಕೊಂಡು ಇಬ್ಬರೂ ಮೇಲೆ ಬನ್ನಿ. ಜೊತೆಗಾರರು ಕಾಣದೆ ಹೋದರೆ? ಒಂದು ನಿಮಿಷ ಹುಡುಕಿ, ಆಮೇಲೆ ಮೇಲೆ ಬನ್ನಿ. ಗಾಳಿಯೂ ಇಲ್ಲ, ಹತ್ತಿರ ಯಾರೂ ಇಲ್ಲ ಅಂದರೆ? ಬಾಯಲ್ಲಿ ‘ಆ’ ಅನ್ನುತ್ತಾ ಉಸಿರು ಬಿಡುತ್ತಾ ಮೇಲೆ ಬನ್ನಿ. ಯಾವ ಕಷ್ಟಕ್ಕೂ ಮದ್ದು ಒಂದೇ, ಮೇಲೆ ಬರುವುದು. ಗುಹೆಯೊಳಗೆ ಆ ಮದ್ದೇ ಇಲ್ಲ. ತಲೆಯ ಮೇಲೆ ಕಲ್ಲು ಇರುತ್ತದೆ. ಮೊದಲು ಅಡ್ಡಕ್ಕೆ ಈಜಿ ಬಾಗಿಲು ಮುಟ್ಟಬೇಕು, ಮೇಲೆ ಬರುವ ಮಾತು ಆಮೇಲೆ. ಅಂದರೆ ಕೋರ್ಸ್ ಮುಗಿಸಿದ್ದಕ್ಕೆ ನಿಮಗೆ ಸಿಕ್ಕ ಕಾರ್ಡು ಗುಹೆಯ ಬಾಯಲ್ಲೇ ಮುಗಿದು ಹೋಗುತ್ತದೆ.

ಇದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಎರಡನೇ ವರ್ಷ. ಒಂದು ಡೈವ್ ಸೆಂಟರಿನ ಜೊತೆ ಆರು ಜನ ಹೋಗಿದ್ದೆವು. ಗೈಡ್ ಮುಂದೆ, ನಾನು ನಾಲ್ಕನೆಯವಳು. ಯಾರ ಹತ್ತಿರ ಎಷ್ಟು ಟಾರ್ಚ್ ಇದೆ ಅಂತ ಯಾರೂ ಕೇಳಲಿಲ್ಲ. ನನ್ನ ಹತ್ತಿರ ಒಂದು ಸಣ್ಣದಿತ್ತು. ವಾಪಸ್ ಬರುವ ದಾರಿ ತೋರಿಸಲು ಗೈಡ್ ಹಗ್ಗ ಕಟ್ಟಲಿಲ್ಲ. ಒಳಗೆ ಹೋಗಿ ಒಂದು ತಿರುವು ತೆಗೆದುಕೊಂಡೆವು. ಮುಂದೆ ಇದ್ದವರ ಫಿನ್ (ಕಾಲಿಗೆ ಕಟ್ಟುವ ಈಜುರೆಕ್ಕೆ) ತಳಕ್ಕೆ ಬಡಿಯಿತು. ಅಷ್ಟೇ. ವರ್ಷಗಟ್ಟಲೆ ಅಲ್ಲಾಡದೆ ಕೂತಿದ್ದ ನುಣ್ಣನೆಯ ಕೆಸರು ಎದ್ದುಬಿಟ್ಟಿತು. ಮಜ್ಜಿಗೆಯೊಳಗೆ ಕಣ್ಣು ಬಿಟ್ಟ ಹಾಗಾಯಿತು. ಟಾರ್ಚ್ ಹಾಕಿದರೆ ಇನ್ನೂ ಬೆಳ್ಳಗೆ, ಮಳೆಗಾಲದಲ್ಲಿ ಘಾಟಿಯ ಮಂಜಿಗೆ ಹೈಬೀಮ್ ಹಾಕಿದ ಹಾಗೆ. ನನ್ನ ಕೈಯೇ ನನಗೆ ಕಾಣಲಿಲ್ಲ. ತಿರುಗಿ ನೋಡಿದೆ, ಬಾಗಿಲಿನ ನೀಲಿ ಇಲ್ಲ. ಅಥವಾ ನಾನು ಸರಿಯಾದ ಕಡೆಗೇ ತಿರುಗಿರಲಿಲ್ಲ.

ಉಸಿರು ಓಡತೊಡಗಿತು. ಟ್ಯಾಂಕಿನ ಗಾಳಿಯ ಒತ್ತಡ ತೋರಿಸುವ ಗೇಜನ್ನು ಮಾಸ್ಕಿಗೆ ಅಂಟಿಸಿಕೊಂಡು ನೋಡಿದರೆ 120 ಬಾರ್. ಗಾಬರಿಯಲ್ಲಿ ಎಳೆದುಕೊಳ್ಳುವ ಉಸಿರು ಹೊಟ್ಟೆಗೆ ಇಳಿಯುವುದಿಲ್ಲ, ಮೇಲಿಂದ ಮೇಲೆ ಸಣ್ಣದಾಗಿ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುತ್ತದೆ, ಅದು ಗಾಬರಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ವಾರ್ಡಿನಲ್ಲಿ ಉಬ್ಬಸದವರಿಗೆ ದಿನಾ ಹೇಳುವ ಮಾತನ್ನೇ ನನಗೆ ನಾನು ಹೇಳಿಕೊಂಡೆ: ಮೊದಲು ಪೂರ್ತಿ ಬಿಡು, ಆಮೇಲೆ ತೆಗೆದುಕೋ. ಎಡಗೈ ಗೋಡೆಗೆ ಸಿಕ್ಕಿತು. ಅಲ್ಲೇ ಹಿಡಿದು ಸುಮ್ನೆ ನಿಂತೆ. ಕೆಸರು ನಿಧಾನಕ್ಕೆ ತೆಳುವಾಗಿ, ಹೊಗೆಯ ಹಿಂದೆ ಕಂಡ ಹಾಗೆ ಮಸುಕು ನೀಲಿ ಕಂಡಿತು. ನಾನು ಅಂದುಕೊಂಡಿದ್ದ ದಿಕ್ಕಿಗೆ ಪೂರ್ತಿ ಉಲ್ಟಾ. ಹೊರಗೆ ಬಂದಾಗ ಗೇಜು 95 ತೋರಿಸುತ್ತಿತ್ತು. ಇಷ್ಟೆಲ್ಲ ಆಗಿದ್ದು ಮೂರು ನಿಮಿಷದಲ್ಲಿ. ಆರೂ ಜನ ಬಂದೆವು. ಗೈಡ್ ‘ಹೀಗೆಲ್ಲ ಆಗುತ್ತದೆ’ ಅಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಹಗ್ಗ ಕಟ್ಟಿದ್ದರೆ ಹಾಗೆ ಆಗುತ್ತಲೇ ಇರಲಿಲ್ಲ.

ಆಮೇಲೆ ನಾನು ಕ್ಯಾವರ್ನ್ ಕೋರ್ಸ್ ಮಾಡಿದೆ. ಕ್ಯಾವರ್ನ್ ಅಂದರೆ ಗುಹೆಯ ಪಡಸಾಲೆ ಅಂದುಕೊಳ್ಳಿ, ಹೊರಗಿನ ಬೆಳಕು ಬಂದು ಬೀಳುವ ಜಾಗ. ಪ್ಯಾಡಿ ಅನ್ನುವ ಡೈವಿಂಗ್ ತರಬೇತಿ ಸಂಸ್ಥೆಯ ಕೋರ್ಸಿನಲ್ಲಿ ಇದಕ್ಕೆ ಒಂದು ಅಳತೆ ಇದೆ: ಬಾಗಿಲಿನ ಬೆಳಕು ಕಾಣುತ್ತಿರಬೇಕು, ಆಳವನ್ನೂ ಒಳಗೆ ಹೋದ ದೂರವನ್ನೂ ಕೂಡಿಸಿದರೆ ನೀರಿನ ಮೇಲ್ಮೈಯಿಂದ 40 ಮೀಟರ್ ದಾಟಬಾರದು. 15 ಮೀಟರ್ ಆಳದಲ್ಲಿ ಬಾಗಿಲಿದ್ದರೆ ಒಳಗೆ 25 ಮೀಟರ್ ಮಾತ್ರ. ಅದಕ್ಕೂ ಒಳಗಿನದು ನಿಜವಾದ ಗುಹೆ, ಅದಕ್ಕೆ ಬೇರೆಯದೇ ಓದು, ಬೇರೆಯದೇ ಸಾಮಾನು.

ಕೋರ್ಸಿನ ಮೊದಲ ಪಾಠ ನೀರಿನಲ್ಲಿ ನಡೆಯಲಿಲ್ಲ, ಮರಗಳ ನಡುವೆ ನಡೆಯಿತು. ಮರದಿಂದ ಮರಕ್ಕೆ, ಕಲ್ಲಿನಿಂದ ಕಲ್ಲಿಗೆ ಸುತ್ತಿ ಒಂದು ತೆಳು ನೈಲಾನ್ ಹಗ್ಗ ಕಟ್ಟಿದ್ದರು, ಹೂ ಕಟ್ಟುವ ದಾರಕ್ಕಿಂತ ಸ್ವಲ್ಪ ದಪ್ಪ. ನನ್ನ ಮಾಸ್ಕಿಗೆ ಒಳಗಿಂದ ಬಟ್ಟೆ ಹಾಕಿ ಕಣ್ಣು ಮುಚ್ಚಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರದ ಹಾಗೆ ಮಾಡಿ, ಹಗ್ಗ ಅದರೊಳಗೆ ಜಾರುವಂತೆ ಹಿಡಿದು ನಡೆಯಬೇಕು. ಎಳೆಯಬಾರದು, ಎಳೆದರೆ ಹಗ್ಗ ಕಲ್ಲಿನ ಸಂದಿಗೆ ಹೋಗಿ ಕೂರುತ್ತದೆ, ಸಂದಿಯಲ್ಲಿ ಹಗ್ಗ ತೂರಿದರೂ ಮೈ ತೂರುವುದಿಲ್ಲ. ಸುತ್ತು ಬಂದ ಕಡೆ ಒಂದು ಕೈ ಅಲ್ಲೇ ಇಟ್ಟು ಇನ್ನೊಂದು ಕೈಯಲ್ಲಿ ಮುಂದಿನ ಹಗ್ಗ ಹುಡುಕಬೇಕು. ನಡುನಡುವೆ ಬೆರಳಿಗೆ ಪ್ಲಾಸ್ಟಿಕ್ಕಿನ ಸಣ್ಣ ಬಾಣ ಸಿಗುತ್ತದೆ. ಅದರ ಚೂಪು ಯಾವ ಕಡೆಗಿದೆಯೋ ಆ ಕಡೆ ಹತ್ತಿರದ ಬಾಗಿಲು. ಕಣ್ಣಿಲ್ಲದೆ ಬೆರಳಿನಲ್ಲೇ ಓದುವ ಹಾಗೆ ಮಾಡಿದ್ದಾರೆ. ಆ ಚೂಪು ಮೊದಲ ಸಲ ಬೆರಳಿಗೆ ತಾಗಿದಾಗ ನನಗೆ ಅಳು ಬಂದಿತ್ತು. ಅವತ್ತು ಆ ಕೆಸರಿನಲ್ಲಿ ನನ್ನ ಎಡಗೈ ತಡಕಾಡಿದ್ದು ಇದಕ್ಕೇ ಅಲ್ವಾ ಅನ್ನಿಸಿತು.

ಎರಡನೇ ಪಾಠ ಗಾಳಿಯ ಲೆಕ್ಕ. ಬಂದ ದಾರಿಗೆ ಸುಂಕವಿಲ್ಲ ಅಂತ ನಮ್ಮಲ್ಲಿ ಗಾದೆ ಇದೆ. ಗುಹೆಯಲ್ಲಿ ಬಂದ ದಾರಿಗೂ ಸುಂಕ ಇದೆ, ಅದನ್ನು ಗಾಳಿಯಲ್ಲೇ ಕಟ್ಟಬೇಕು. 12 ಲೀಟರಿನ ಟ್ಯಾಂಕಿನಲ್ಲಿ 200 ಬಾರ್ ತುಂಬಿದರೆ ಸುಮಾರು 2400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ದಡದಲ್ಲಿ ಅದು ಎರಡು ಗಂಟೆ ಬರುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಹಾಗಾಗಿ ನಲವತ್ತೇ ನಿಮಿಷ. ಗಾಬರಿಯಾದರೆ ಅದರ ಅರ್ಧವೂ ಬರುವುದಿಲ್ಲ. ಅದಕ್ಕೇ ಗುಹೆಯವರು ಟ್ಯಾಂಕನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಹೋಗಲು, ಒಂದು ಬರಲು. ಉಳಿದ ಪಾಲು ನಿಮ್ಮದಲ್ಲ, ಜೊತೆಗಾರರದ್ದು. ಅತಿ ಒಳಗಿನ ಜಾಗದಲ್ಲಿ ಅವರ ಗಾಳಿ ನಿಂತುಹೋದರೆ ಇಬ್ಬರೂ ನಿಮ್ಮ ಒಂದೇ ಟ್ಯಾಂಕಿನಲ್ಲಿ ಬಾಗಿಲು ಮುಟ್ಟಬೇಕು. 200ರಲ್ಲಿ ಹೊರಟರೆ 135ರ ಹತ್ತಿರ ಬಂದ ಕೂಡಲೇ ತಿರುಗಬೇಕು, ಮುಂದೆ ಏನೇ ಚೆಂದ ಕಾಣುತ್ತಿದ್ದರೂ. ಸಮುದ್ರದ ಗುಹೆಯಲ್ಲಿ ನಾನು ಅದಕ್ಕೂ ಮೊದಲೇ ತಿರುಗುತ್ತೇನೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಈ ನಿಯಮಗಳನ್ನು ಯಾರೋ ಕೂತು ಯೋಚಿಸಿ ಬರೆದಿದ್ದಲ್ಲ. ಶೆಕ್ ಎಕ್ಸ್‌ಲಿ ಅಂತ ಫ್ಲೋರಿಡಾದ ಗುಹೆ ಡೈವರ್ ಇದ್ದರು. ಗುಹೆಗಳಲ್ಲಿ ಸತ್ತವರ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಪ್ರಕಟಿಸಿದರು. ಮತ್ತೆ ಮತ್ತೆ ಕಂಡಿದ್ದು ಅವೇ ತಪ್ಪುಗಳು: ಹೊರಗಿನವರೆಗೆ ಹಗ್ಗ ಇರಲಿಲ್ಲ, ಮರಳಲು ಗಾಳಿ ಉಳಿಸಿಕೊಂಡಿರಲಿಲ್ಲ, ಅತಿ ಆಳಕ್ಕೆ ಹೋಗಿದ್ದರು. ಅಲ್ಲಿನ ಗುಹೆಗಳ ಬಾಯಲ್ಲಿ ಒಂದು ಫಲಕ ನೆಟ್ಟಿರುತ್ತಾರೆ. ಸಾವಿನ ಚಿತ್ರ ಬರೆದು, ಇಂಥ ಗುಹೆಗಳಲ್ಲಿ ಓಪನ್ ವಾಟರ್ ಇನ್‌ಸ್ಟ್ರಕ್ಟರ್‌ಗಳೂ ಸತ್ತಿದ್ದಾರೆ, ಪ್ರಾಣ ಕೊಟ್ಟು ನೋಡುವಂಥದ್ದು ಒಳಗೆ ಏನೂ ಇಲ್ಲ ಅಂತ ಬರೆದಿರುತ್ತದೆ. ಇನ್‌ಸ್ಟ್ರಕ್ಟರ್‌ಗಳೂ ಅನ್ನುವುದನ್ನು ಗಮನಿಸಿ. ನಿಮ್ಮ ‘ಗೈಡ್ ಇದ್ದರೆ ಸಾಕಾ’ ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಗೈಡಿಗೆ ಗುಹೆಯ ತರಬೇತಿ ಇದೆಯಾ, ಹಗ್ಗ ಕಟ್ಟುತ್ತಾರಾ, ಗೇಜು ಎಷ್ಟು ಬಾರ್ ತೋರಿಸಿದಾಗ ತಿರುಗುತ್ತಾರೆ, ಮೂರು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಹೊರಗಿನ ಬಂಡೆಯ ಸುತ್ತ ಡೈವ್ ಮಾಡಿ ಬನ್ನಿ.

ಇನ್ನು ಸಮುದ್ರದ ಗುಹೆಯ ಮಾತು. ಫ್ಲೋರಿಡಾದ ಗುಹೆಗಳು ಸಿಹಿನೀರಿನ ಬುಗ್ಗೆಗಳು, ಅಲ್ಲಿ ತೆರೆ ಇಲ್ಲ. ಇಲ್ಲಿ ತೆರೆ ಇದೆ. ನಮ್ಮ ಕಡೆ ಬಂಡೆಗಳ ಸಂದಿಗೆ ತೆರೆ ನುಗ್ಗಿ ನೀರು ಮೇಲಕ್ಕೆ ಚಿಮ್ಮುವುದನ್ನು ನೋಡಿದ್ದೀರಿ ಅಲ್ವಾ? ಅದೇ ನೀರು ನೀವು ಒಳಗಿರುವಾಗ ಹಾಗೇ ನುಗ್ಗುತ್ತದೆ. ಬಾಯಿ ಕಿರಿದಾದಷ್ಟೂ ಸೆಳೆತ ಜಾಸ್ತಿ. ಒಂದು ಸಲ ಮುಂದಕ್ಕೆ ತಳ್ಳುತ್ತದೆ, ಮರುಕ್ಷಣ ಹಿಂದಕ್ಕೆ ಎಳೆಯುತ್ತದೆ. ಒಳಗೆ ಹೋಗುವಾಗ ಸಮುದ್ರ ಶಾಂತವಾಗಿತ್ತು ಅಂದರೆ ಬರುವಾಗಲೂ ಹಾಗೇ ಇರುತ್ತದೆ ಅಂತ ಇಲ್ಲ. ಒಂದೇ ಪಾಲಿನ ಗಾಳಿ ವಾಪಸ್ ಬರಲು ಸಾಲದೇ ಹೋಗಬಹುದು. ನಾನು ಬೇಗ ತಿರುಗುವುದು ಅದಕ್ಕೇ. ಚಾವಣಿಯಲ್ಲಿ ಗಾಳಿ ತುಂಬಿದ ಜಾಗ ಸಿಕ್ಕಿದರೂ ರೆಗ್ಯುಲೇಟರ್ ತೆಗೆಯಬೇಡಿ. ಹೊರಗಿನ ಗಾಳಿ ಆಡದ ಕಡೆ ಅದು ಉಸಿರಾಡಲು ಯೋಗ್ಯವಾಗಿಲ್ಲದೇ ಇರಬಹುದು.

ಹಾಗಾದರೆ ನವೆಂಬರ್‌ನಲ್ಲಿ ಎಲ್ಲಿಗೆ ಹೋಗಬೇಕು? ಗೋಜೋದ ಪಶ್ಚಿಮ ತುದಿಯ ದ್ವೇಯ್ರಾಕ್ಕೆ ಹೋಗಿ. ಅಲ್ಲಿ ಅಜೂರ್ ವಿಂಡೋ ಅಂತ ದೊಡ್ಡ ಕಲ್ಲಿನ ಕಮಾನು ಇತ್ತು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಬಿತ್ತು. ಈಗ ಅದರ ಬಂಡೆಗಳ ನಡುವೆಯೇ ಡೈವ್ ಮಾಡುತ್ತಾರೆ. ಪಕ್ಕದಲ್ಲೇ ಬ್ಲೂ ಹೋಲ್. ಹತ್ತು ಮೀಟರ್ ಅಗಲದ ಕಲ್ಲಿನ ಬಾವಿ ಅಂದುಕೊಳ್ಳಿ. ಏಳೆಂಟು ಮೀಟರ್ ಇಳಿದರೆ ಒಂದು ಕಡೆ ಗೋಡೆಯೇ ಇಲ್ಲ, ದೊಡ್ಡ ಕಮಾನಿನ ಮೂಲಕ ಸೀದಾ ಸಮುದ್ರ. ಕೆಳಗೆ ಸುಮಾರು 15 ಮೀಟರಿನಲ್ಲಿ ಅಗಲ ಬಾಯಿಯ ಒಂದು ಗುಹೆ ಇದೆ. ನಿಮ್ಮ ಕಾರ್ಡಿನ 18 ಮೀಟರಿನ ಮಿತಿಯೊಳಗೇ ಬರುತ್ತದೆ. ಬಾಗಿಲಲ್ಲೇ ಇದ್ದು, ತಿರುಗಿ ಹೊರಗೆ ನೋಡಿ. ಕಪ್ಪು ಚೌಕಟ್ಟಿನ ಆಚೆ ಆ ನೀಲಿ, ಅದರ ಮುಂದೆ ನೆರಳಿನಂತೆ ತೇಲುವ ಡೈವರ್‌ಗಳು. ನಾನು ಎಷ್ಟೋ ಸಲ ಅದೊಂದನ್ನೇ ನೋಡಲು ಹೋಗಿದ್ದೇನೆ.

ಅಲ್ಲೇ ಹತ್ತಿರ ಇನ್‌ಲ್ಯಾಂಡ್ ಸೀ ಅನ್ನುವ ಸಮುದ್ರದ ನೀರಿನ ಕೊಳ ಇದೆ. ಬೆಟ್ಟದೊಳಗಿನಿಂದ ಸುಮಾರು 80 ಮೀಟರ್ ಉದ್ದದ ಸುರಂಗ ಸಮುದ್ರಕ್ಕೆ ಹೋಗುತ್ತದೆ. ಅದರಲ್ಲಿ ನೀರಿನ ಮೇಲೆ ಗಾಳಿ ಇದೆ, ಆದರೆ ಪ್ರವಾಸಿಗರ ದೋಣಿಗಳು ಅಲ್ಲೇ ಓಡಾಡುತ್ತವೆ. ಅವಸರದಲ್ಲಿ ಮೇಲೆ ಬಂದರೆ ಪ್ರೊಪೆಲ್ಲರ್ ತಲೆಗೆ ಸಿಗುತ್ತದೆ. ದೋಣಿಗಳಿಂದ ಸಾಕಷ್ಟು ಕೆಳಗೆ, ಗೋಡೆ ಹಿಡಿದು ಹೋಗಬೇಕು. ಸುರಂಗದ ತುದಿಯಲ್ಲಿ ತಳ 25 ಮೀಟರ್ ದಾಟುತ್ತದೆ, ನಿಮ್ಮ ಮಿತಿ 18, ಹಾಗಾಗಿ ಅಲ್ಲಿ ತಳಕ್ಕೆ ಇಳಿಯಬೇಡಿ, ಆಳ ತೋರಿಸುವ ಡೈವ್ ಕಂಪ್ಯೂಟರಿನ ಮೇಲೆ ಕಣ್ಣಿರಲಿ. ಒಂಬತ್ತು ಡೈವ್ ಆದವರಿಗೆ ಇದನ್ನು ನಾನು ಎರಡನೇ ದಿನಕ್ಕೆ ಇಡುತ್ತೇನೆ.

ಒಳಗಿನ ಗುಹೆಗಳ ಆಸೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಆಸೆ ನನಗೂ ಇದೆ. ಫ್ರಾನ್ಸಿನ ಮಾರ್ಸೇ ಹತ್ತಿರ ಆನ್ರಿ ಕೋಸ್ಕೆ ಅನ್ನುವ ಡೈವರ್ 1985ರಲ್ಲಿ ಸಮುದ್ರದ 37 ಮೀಟರ್ ಆಳದಲ್ಲಿ ಒಂದು ಕಿರಿದಾದ ಬಾಯಿ ಕಂಡರು. ಉದ್ದ ಸುರಂಗ ಮೇಲ್ಮುಖವಾಗಿ ಹೋಗಿ ನೀರಿಲ್ಲದ ಕೋಣೆಗೆ ತಲುಪುತ್ತದೆ. ಆ ಗೋಡೆಗಳ ಮೇಲೆ ಕುದುರೆಗಳು, ಪೆಂಗ್ವಿನ್ನಿನಂಥ ಹಕ್ಕಿಗಳು, ಅಂಗೈ ಒತ್ತಿಟ್ಟು ಸುತ್ತ ಬಣ್ಣ ಊದಿದ ಗುರುತುಗಳು. ಕೆಲವು 27,000 ವರ್ಷ ಹಳೆಯವು. ಹಿಮಯುಗದಲ್ಲಿ ಸಮುದ್ರ 120 ಮೀಟರಿನಷ್ಟು ಕೆಳಗಿತ್ತು, ಆ ಜನ ಒಣನೆಲದ ಮೇಲೆ ನಡೆದುಕೊಂಡೇ ಒಳಗೆ ಹೋಗಿದ್ದರು. ಕೋಸ್ಕೆ ಆ ಜಾಗವನ್ನು ಗುಟ್ಟಾಗಿ ಇಟ್ಟಿದ್ದರು. 1991ರಲ್ಲಿ ಅದೇ ಸುರಂಗದಲ್ಲಿ ಮೂವರು ಡೈವರ್‌ಗಳು ಸತ್ತರು, ಆಮೇಲೆಯೇ ಅಧಿಕಾರಿಗಳಿಗೆ ತಿಳಿಸಿದರು. ಈಗ ಬಾಯಿ ಮುಚ್ಚಿದ್ದಾರೆ. 2022ರಲ್ಲಿ ಮಾರ್ಸೇಯಲ್ಲಿ ಅದರ ಪ್ರತಿರೂಪ ಕಟ್ಟಿ ತೆರೆದರು, ಹೋಗಿ ನೋಡಿ ಬಂದೆ. ಆ ಪುಟ್ಟ ಅಂಗೈಗಳ ಮುಂದೆ ಬಹಳ ಹೊತ್ತು ನಿಂತೆ. ಆ ಮೂವರೂ ನೆನಪಾದರು.

ಆಸೆ ಗಟ್ಟಿಯಾಗಿದ್ದರೆ ದಾರಿ ಇದೆ. ಮೊದಲು ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ. ತಳ ಮುಟ್ಟದೆ, ಕೆಸರು ಎಬ್ಬಿಸದೆ ಕಪ್ಪೆಯ ಹಾಗೆ ಕಾಲು ಒದೆಯುವುದನ್ನು ಕಲಿಯಿರಿ, ಅದನ್ನು ನೇತ್ರಾಣಿಯಲ್ಲೇ ಅಭ್ಯಾಸ ಮಾಡಬಹುದು. ಆಮೇಲೆ ಕ್ಯಾವರ್ನ್ ಕೋರ್ಸ್. ಅದರಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. ಗುಂಪಿನಲ್ಲಿ ಯಾರೇ ಆಗಲಿ, ಯಾವಾಗ ಬೇಕಾದರೂ ಹೆಬ್ಬೆರಳು ಎತ್ತಿ ‘ಸಾಕು, ವಾಪಸ್’ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ, ಯಾರೂ ಕೇಳುವುದೂ ಇಲ್ಲ. ಆ ಹೆಬ್ಬೆರಳನ್ನು ನೀವು ಈ ನವೆಂಬರ್‌ನಿಂದಲೇ ಬಳಸಬಹುದು.

ಬರುವಾಗ ಎರಡು ಟಾರ್ಚ್ ತನ್ನಿ. ಇಲ್ಲಿನ ನೀರು ನೇತ್ರಾಣಿಗಿಂತ ತಣ್ಣಗಿರುತ್ತದೆ, ಐದು ಮಿಲಿಮೀಟರಿನ ಸೂಟ್ ಬಾಡಿಗೆಗೆ ತೆಗೆದುಕೊಳ್ಳಿ. ಬೆಳಿಗ್ಗೆ ಗಾಳಿ ಯಾವ ಕಡೆಯದು ಅಂತ ಕೇಳಿ. ವಾಯವ್ಯದಿಂದ ಬೀಸುವುದಕ್ಕೆ ಇಲ್ಲಿನವರು ಮಯ್ಯಿಸ್ತ್ರಾಲ್ ಅನ್ನುತ್ತಾರೆ, ಅದು ಜೋರಾಗಿದ್ದರೆ ದ್ವೇಯ್ರಾ ಬೇಡ. ಬ್ಲೂ ಹೋಲಿಗೆ ಟ್ಯಾಂಕ್ ಹೊತ್ತು ಚೂಪು ಬಂಡೆಗಳ ಮೇಲೆ ಇಳಿಯಬೇಕು, ಗಟ್ಟಿ ಅಡಿಯ ಡೈವಿಂಗ್ ಬೂಟು ಇರಲಿ. ಕೆಳಗಿನ ಗುಹೆಯ ಬಾಯಲ್ಲಿ ಚಾವಣಿಯ ಹತ್ತಿರ ಟಾರ್ಚ್ ಹಿಡಿಯಿರಿ. ಕಪ್ಪಗೆ ಕಾಣುತ್ತಿದ್ದ ಸಣ್ಣ ಮೀನುಗಳು ಬೆಳಕು ಬಿದ್ದ ಕೂಡಲೇ ಕುಂಕುಮದ ಬಣ್ಣಕ್ಕೆ ತಿರುಗುತ್ತವೆ. ಕಾರ್ಡಿನಲ್ ಮೀನು ಅಂತ ಹೆಸರು. ಅವು ಹಗಲಿಡೀ ಅಲ್ಲೇ ಗುಂಪಾಗಿ ನಿಂತಿರುತ್ತವೆ, ಅವುಗಳನ್ನು ನೋಡಲು ಒಳಗೆ ಹೋಗಬೇಕಾಗಿಲ್ಲ.